ಸೊಂಟಕ್ಕೆ ಕಟ್ಟಿದ ನಾಲ್ಕು ಕೆಜಿ

ತೂಕದ ಮೆಷಿನ್ ಕಂಡರೆ ನನಗೆ ಇವತ್ತಿಗೂ ಕಾಲು ಹಿಂದೆ ಸರಿಯುತ್ತದೆ. ಮದುವೆ ಮನೆಯಲ್ಲಿ ಯಾರಾದರೂ "ಏನೇ ಇಷ್ಟು ಸಣ್ಣ ಆಗೋಗಿದ್ದೀಯಾ" ಅಂದರೆ ಉತ್ತರ ಕೊಡದೆ ಊಟದ ಪಂಕ್ತಿಗೆ ನಡೆದುಬಿಡುತ್ತೇನೆ. ಹಾಗಂತ ನಾನು ಬಾಯಿ ಇಲ್ಲದವಳಲ್ಲ. ನಮ್ಮವ್ವ ಹಿರೀಸಾವೆಯಲ್ಲಿ ಹೆದ್ದಾರಿ ಪಕ್ಕ ಹೋಟೆಲು ನಡೆಸುವವಳು. ಇಡ್ಲಿ ಸಣ್ಣದಾಯಿತು ಅನ್ನುವ ಲಾರಿ ಡ್ರೈವರುಗಳ ಜೊತೆ ಜಗಳವಾಡಿಕೊಂಡೇ ನಾನು ಬೆಳೆದದ್ದು. ಆದರೆ ತೂಕದ ಮಾತು ಬಂದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಬಸುರಿನಲ್ಲಿ ಮೈ ಹತ್ತದೆ, ಅದಕ್ಕೆ ನಾಚಿಕೊಂಡು, ಏನಾದರೂ ದಡ್ಡತನ ಮಾಡುವ ಯೋಚನೆಯಲ್ಲಿ ಎಲ್ಲೋ ಒಬ್ಬಳಾದರೂ ಕೂತಿರುತ್ತಾಳೆ. ಅವಳಿಗೆ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಕೊಟ್ಟದ್ದು ರಾಮನಾಥಪುರದ ಕಡೆಯ ಒಂದು ಹಳ್ಳಿಗೆ. ಮನೆ ತುಂಬ ಹೊಗೆಸೊಪ್ಪು. ನಮ್ಮ ತವರಿನ ಕಡೆ ತೆಂಗು, ರಾಗಿ ಬಿಟ್ಟರೆ ಬೇರೆ ಗೊತ್ತಿಲ್ಲ, ಹೊಗೆಸೊಪ್ಪಿನ ಗಿಡವನ್ನು ನಾನು ಮದುವೆಯಾದ ಮೇಲೆಯೇ ನೋಡಿದ್ದು. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಎಲೆ ಮುರಿದು ತಂದು ಹಾಕುತ್ತಾರೆ, ಹೆಂಗಸರು ನೆರಳಲ್ಲಿ ಸಾಲಾಗಿ ಕೂತು ಆ ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತೇವೆ, ಆಮೇಲೆ ಅದು ಬೇಯಲು ಬ್ಯಾರನ್ನಿಗೆ, ಅಂದರೆ ಕೆಳಗೆ ಬೆಂಕಿ ಹಾಕುವ ಎತ್ತರದ ಮನೆಗೆ, ಹೋಗುತ್ತದೆ. ಸಾಯಂಕಾಲದ ಹೊತ್ತಿಗೆ ಕೈಯೆಲ್ಲ ಕಪ್ಪು ಅಂಟು. ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ, ಊಟದ ತುತ್ತಿನಲ್ಲೂ ಅದೇ ಕಹಿ.

ನಾನು ಬಸುರಿಯಾಗಿ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಸೊಪ್ಪು ಮುರಿಯುವ ಕಾಲ ಬಂತು. ಎಲ್ಲರಿಗೂ ವಾಂತಿ ನಿಲ್ಲುವ ಹೊತ್ತಿನಲ್ಲಿ ನನಗೆ ಶುರುವಾಯಿತು. ತಲೆ ಸುತ್ತು, ಬಾಯಲ್ಲಿ ನೀರು, ಅತ್ತೆ ಬಡಿಸಿದ ಮುದ್ದೆ ಎರಡು ತುತ್ತು ಇಳಿದರೆ ಮೂರು ತುತ್ತು ಆಚೆಗೆ. ನಮ್ಮತ್ತೆ ಜಯಮ್ಮನವರು ಕೈ ಬಿಗಿ ಹಿಡಿದು ಬಡಿಸುವವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತುಪ್ಪ, ನಾಟಿ ಕೋಳಿ ಮೊಟ್ಟೆ, ಸೊಪ್ಪಿನ ಬಸ್ಸಾರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. "ಮೊದಲ್ನೇ ಬಸುರು ಅಂಗೇ ಕಣೇ. ನಂಗೆ ಏಳ್ ತಿಂಗ್ಳವರ್ಗೂ ವಾಂತಿ ಇತ್ತು" ಅನ್ನುತ್ತಿದ್ದರು. ಅವರೂ ಜೀವಮಾನವಿಡೀ ಸೊಪ್ಪು ಕಟ್ಟಿದವರೇ. ಯಾರಿಗೂ ಆ ಹಸಿ ಎಲೆಯ ಮೇಲೆ ಅನುಮಾನ ಬರಲಿಲ್ಲ.

ನಮ್ಮೂರಿನ ಅಂಗನವಾಡಿಯ ಜಗಲಿಯಲ್ಲಿ ತಿಂಗಳಿಗೊಂದು ದಿನ ಬಸುರಿಯರನ್ನು ಕರೆಸಿ ನೋಡುತ್ತಾರೆ. ಎಲ್ಲರನ್ನೂ ಮನೆಮನೆಗೆ ಹೋಗಿ ಕರೆದು ತರುವವಳು ಆಶಾ ಕಾರ್ಯಕರ್ತೆ ಮಂಜುಳಕ್ಕ. ಮೊದಲು ಜಗಲಿಯಲ್ಲಿ ತೂಕ, ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು ನರ್ಸು ಹೊಟ್ಟೆ ನೋಡುವುದು. ಮಂಜುಳಕ್ಕ ತೂಕ ಕೂಗುತ್ತಾಳೆ, ನರ್ಸು ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಐದನೇ ತಿಂಗಳಲ್ಲಿ ನನ್ನದು ನಲವತ್ನಾಲ್ಕು ಬಂತು. ಅದರ ಹಿಂದಿನ ತಿಂಗಳೂ ನಲವತ್ನಾಲ್ಕೇ.

"ಏನಮ್ಮ, ಮನೇಲಿ ಊಟ ಹಾಕಲ್ವಾ?" ಅಂದರು ನರ್ಸು. ಜಗಲಿ ತುಂಬ ಹೆಂಗಸರು. ಪಕ್ಕದಲ್ಲೇ ನಮ್ಮತ್ತೆ ನಿಂತಿದ್ದರು. "ಮುಂದಿನ ತಿಂಗಳೂ ಏರದಿದ್ರೆ ಹೊಳೆನರಸೀಪುರಕ್ಕೆ ಬರೆದುಕೊಡ್ತೀನಿ. ಅಡ್ಮಿಟ್ ಆಗ್ಬೇಕಾಗ್ತದೆ."

ಅತ್ತೆ ನನಗಿಂತ ಮುಂದೆ ಬೇಗ ಬೇಗ ನಡೆದು ಮನೆಗೆ ಬಂದರು. ಹೊಸ್ತಿಲು ದಾಟಿದ ಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. "ಆಳುಕಾಳ್ಗೆಲ್ಲ ಹೊಟ್ಟೆ ತುಂಬ ಇಕ್ಕೋ ಮನೆ ಕಣೇ ಇದು. ಬಸುರಿ ಸೊಸೆಗೆ ಊಟ ಇಕ್ಕಲ್ಲ ಅಂತ ಊರೆಲ್ಲ ಆಡ್ಕಳಂಗೆ ಆಯ್ತಲ್ಲ. ನನ್ ಮಾನ ಓಯ್ತು" ಅಂದರು. ಬೈದಿದ್ದರೆ ನಾನೂ ತಿರುಗಿ ಎರಡು ಮಾತು ಆಡುತ್ತಿದ್ದೆ. ಅತ್ತರಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಬ್ಯಾರನ್ನಿಗೆ ಬೆಂಕಿ ಹಾಕಿರುವ ದಿನಗಳಲ್ಲಿ ನಾನು ಹೊಳೆನರಸೀಪುರದಲ್ಲಿ ಮಲಗಿದರೆ ನನ್ನ ಜೊತೆ ಅತ್ತೆಯೂ ಬರಬೇಕು, ಆಮೇಲೆ ಇಲ್ಲಿ ಸೊಪ್ಪು ಕಟ್ಟುವವರು ಯಾರು?

ಹೊಗೆಸೊಪ್ಪಿನ ಮನೆಯಲ್ಲಿ ತೂಕ ಏರಿಸುವುದು ಹೇಗೆ ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಮಾರಾಟಕ್ಕೆ ಬೇಲು ಕಟ್ಟುವ, ಅಂದರೆ ಮೂಟೆ ಬಿಗಿಯುವ ಮೊದಲು ಒಣ ಸೊಪ್ಪು ಪುಡಿಯಾಗದಿರಲಿ ಅಂತ ನೀರು ಚಿಮುಕಿಸುತ್ತಾರೆ. ಒಂದು ಚೊಂಬು ಹೆಚ್ಚು ಬಿದ್ದರೆ ತೂಕಕ್ಕೆ ಒಳ್ಳೆಯದು. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನಿಗೆ ಅನುಮಾನ ಬಂದರೆ ಬೇಲಿನ ಸೊಂಟದೊಳಗೆ ಕೈ ತೂರಿಸಿ ನೋಡುತ್ತಾನೆ. ಬಸುರಿಯ ಸೀರೆಯೊಳಗೆ ಕೈ ಹಾಕುವವರು ಯಾರು?

ನಮ್ಮ ಕೊಟ್ಟಿಗೆಯಲ್ಲಿ ಹಳೆಯ ತಕ್ಕಡಿಯ ಕಬ್ಬಿಣದ ಬಟ್ಟುಗಳಿದ್ದವು. ಆರನೇ ತಿಂಗಳ ತೂಕದ ದಿನ ಒಂದು ಕೆಜಿಯ ಬಟ್ಟನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಸೊಂಟಕ್ಕೆ ಕಟ್ಟಿಕೊಂಡು, ಮೇಲೆ ಸೀರೆ ಉಟ್ಟೆ. ಹಾಗೇ ಹೋಗಿ ಮೆಷಿನ್ ಹತ್ತಿದೆ. "ನಲವತ್ತೈದೂವರೆ!" ಅಂತ ಮಂಜುಳಕ್ಕ ಖುಷಿಯಿಂದ ಕೂಗಿದಳು. ಅತ್ತೆ ಸುತ್ತ ಒಮ್ಮೆ ಎಲ್ಲರ ಮುಖ ನೋಡಿದರು. ನಾನು ಅಂಗನವಾಡಿಯ ಹಿಂದಕ್ಕೆ ಹೋಗಿ ಬಟ್ಟು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಂದು, ಒಳಗೆ ಹೋಗಿ ಹೊಟ್ಟೆ ತೋರಿಸಿದೆ.

ಒಂದು ಸಲ ಸುಳ್ಳು ತೂಕ ಬರೆಸಿದರೆ ಮುಂದಿನ ಸಲ ಅದಕ್ಕಿಂತ ಹೆಚ್ಚು ಬರೆಸಬೇಕು ಅನ್ನುವುದು ನನಗೆ ಆಗ ಹೊಳೆದಿರಲಿಲ್ಲ. ಏಳನೇ ತಿಂಗಳಿಗೆ ಎರಡು ಕೆಜಿ ಕಟ್ಟಿದೆ. ಎಂಟನೆಯದಕ್ಕೆ ಸೊಂಟದ ಆ ಕಡೆ ಎರಡು, ಈ ಕಡೆ ಎರಡು. ಆ ತಿಂಗಳು ನರ್ಸು ಟೇಪು ಹಿಡಿದು ಹೊಟ್ಟೆ ಅಳೆದರು, ಇನ್ನೊಂದು ಸಲ ಅಳೆದರು. "ಹೊಟ್ಟೆ ಸ್ವಲ್ಪ ಚಿಕ್ಕದಿದೆಯಲ್ಲ" ಅಂದು ಕಾರ್ಡು ತಿರುಗಿಸಿ ನೋಡಿದರು. ಅಲ್ಲಿ ಐವತ್ತು ಅಂತ ಅವರ ಕೈಬರಹವೇ ಇತ್ತು. "ತೂಕ ಚೆನ್ನಾಗಿ ಏರ್ತಾ ಇದೆ. ಪರವಾಗಿಲ್ಲ ಬಿಡು."

ಆ "ಪರವಾಗಿಲ್ಲ ಬಿಡು" ಅನ್ನುವ ಮಾತನ್ನು ಹೇಳಿಸಿದ್ದು ನಾನೇ.

ನಡುವೆ ಏಳನೇ ತಿಂಗಳಲ್ಲಿ ಸೀಮಂತವೂ ಆಗಿತ್ತು. ಅವ್ವ ಹಿರೀಸಾವೆಯಿಂದ ಎರಡು ಬಸ್ಸು ಬದಲಿಸಿ, ಚಿಗಳಿ, ತಂಬಿಟ್ಟು, ಹೂವು ಎಲ್ಲ ಹೊತ್ತು ಬಂದಿದ್ದಳು. ಬಳೆ ತೊಡಿಸುವಾಗ ಮದುವೆಯ ಅಳತೆಯ ಹಸಿರು ಬಳೆ ಮೊಣಕೈವರೆಗೂ ಹೋಗಿ ವಾಪಸ್ ಜಾರಿ ನೆಲಕ್ಕೆ ಬಿತ್ತು. ಅವ್ವ ನನ್ನ ಮುಂಗೈ ಹಿಡಿದು ನೋಡಿದಳು. "ಏನಮ್ಮಿ ಇದು, ಕಡ್ಡಿ ಆಗೋಗಿದ್ದೀಯಾ. ನಮ್ ಜೊತೇಲೇ ಬಂದ್ಬುಡು."

ಅತ್ತೆ ಒಳಗಿನಿಂದ ತಾಯಿ ಕಾರ್ಡು ತಂದು ಹಿಡಿದರು. "ನೋಡಿ ಬೀಗ್ತೇರೇ, ತಿಂಗ್ಳು ತಿಂಗ್ಳೂ ಏರೈತೆ. ಬರ್ದವ್ರೆ ಇಲ್ಲಿ. ಎಲ್ಲ ಕೂಸಿಗೇ ಓಗ್ತಾ ಐತೆ, ಅದ್ಕೇ ಕೈ ಸಣ್ಣ."

ಅವ್ವನಿಗೆ ಓದು ಅಷ್ಟು ಬಾರದು. ಕಾರ್ಡನ್ನು ಹಿಂದೆ ಮುಂದೆ ನೋಡಿ ವಾಪಸ್ ಕೊಟ್ಟಳು. ಹೋಗುವಾಗ ಬಸ್ಸಿನ ಕಿಟಕಿಯಿಂದ ಮತ್ತೆ ನನ್ನ ಕೈಯನ್ನೇ ನೋಡುತ್ತಿದ್ದಳು. ಆವತ್ತು ಅವಳ ಜೊತೆ ಹೋಗಿಬಿಟ್ಟಿದ್ದರೆ ಅಂತ ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

ಎಂಟನೇ ತಿಂಗಳ ತೂಕವಾಗಿ ಒಂದು ವಾರಕ್ಕೆ ಮಗು ಒದೆಯುವುದು ಕಡಿಮೆಯಾಯಿತು. ಒಂದು ಇಡೀ ಬೆಳಗು ಅಲುಗಾಡಲಿಲ್ಲ. ನನ್ನ ಗಂಡ ಲೋಕೇಶ್ ಕಾರು ಗೊತ್ತು ಮಾಡಿ ಅರಕಲಗೂಡಿಗೆ ಕರೆದುಕೊಂಡು ಹೋದರು. ಅಲ್ಲಿ ಹೊಟ್ಟೆಗೆ ಕಿವಿ ಇಟ್ಟವರೇ "ತಡ ಮಾಡಬೇಡಿ, ಹಾಸನಕ್ಕೆ ಹೋಗಿ" ಅಂದರು.

ಹಾಸನದ ಆಸ್ಪತ್ರೆಯ ಆ ಬೆಂಚು ನನಗೆ ಚೆನ್ನಾಗಿ ನೆನಪಿದೆ. ಒಂದು ಕಾಲು ಮೋಟು, ಯಾರಾದರೂ ಎದ್ದರೆ ಉಳಿದವರೆಲ್ಲ ಒಂದು ಕಡೆಗೆ ವಾಲುತ್ತಿದ್ದೆವು. ನನ್ನ ಎರಡೂ ಪಕ್ಕ ತುಂಬಿದ ಬಸುರಿಯರು, ಕೆನ್ನೆ ಉಬ್ಬಿ, ಕಾಲು ಊದಿ, ಒಬ್ಬಳು ಚಪ್ಪಲಿ ಹಾಕಲಾಗದೆ ಕೈಯಲ್ಲಿ ಹಿಡಿದು ಕೂತಿದ್ದಳು. "ಹದಿನಾಲ್ಕ್ ಕೆಜಿ ಏರಿದ್ದೀನಿ, ಡಾಕ್ಟ್ರು ಬಾಯಿಗೆ ಬಂದಂಗೆ ಬೈತಾರೆ" ಅಂತ ಅವಳು ನಗುತ್ತಿದ್ದಳು. ಅಯ್ಯೋ ದೇವರೇ, ಬೈಸಿಕೊಳ್ಳುವ ಆ ಭಾಗ್ಯ ನನಗೆ ಬರಬಾರದಿತ್ತಾ ಅನ್ನಿಸಿತು.

ಸ್ಕ್ಯಾನಿಂಗ್ ಆಯಿತು. ಡಾಕ್ಟರಮ್ಮ ನನ್ನನ್ನು ಅಲ್ಲಿನ ಮೆಷಿನ್ ಹತ್ತಿಸಿದರು. ನಲವತ್ತಾರು.

"ಕಾರ್ಡಲ್ಲಿ ಐವತ್ತಿದೆ. ಒಂದು ವಾರದಲ್ಲಿ ನಾಲ್ಕು ಕೆಜಿ ಎಲ್ಲಿ ಹೋಯ್ತಮ್ಮ?"

ನಾನು ಸೆರಗು ಎಳೆದು ಸೊಂಟ ಮುಚ್ಚಿಕೊಂಡೆ.

"ಮಗು ಎಷ್ಟಿರಬೇಕೋ ಅಷ್ಟಿಲ್ಲ. ತುಂಬಾ ಸಣ್ಣದು. ಎರಡು ತಿಂಗಳು ಮುಂಚೆ ಕಳಿಸಿದ್ರೆ ಏನಾದ್ರೂ ಮಾಡಬಹುದಿತ್ತು. ಏನು ಕೆಲಸ ಮಾಡ್ತೀಯಾ?"

"ಸೊಪ್ಪು ಕಟ್ತೀವಿ ಮೇಡಂ, ಹೊಗೆಸೊಪ್ಪು."

"ಹಸಿ ಎಲೇನಾ? ಬರೀ ಕೈಯಲ್ಲಾ?" ಅವರು ನನ್ನ ಅಂಗೈ ತಿರುಗಿಸಿ ಆ ಕಪ್ಪು ಕಲೆ ನೋಡಿದರು. "ಇದರ ವಿಷ ಚರ್ಮದಿಂದಲೇ ಒಳಗೆ ಹೋಗ್ತದೆ ಕಣಮ್ಮ. ಆ ವಾಂತಿ ಬಸುರಿನದು ಮಾತ್ರ ಅಂದ್ಕೊಂಡ್ಯಾ?" ಆಮೇಲೆ ಮತ್ತೆ ಕಾರ್ಡಿಗೆ ಬಂದರು. "ಈ ತೂಕ ಬರೆದೋರು ಯಾರು?"

"ಆ ಮೆಷಿನ್ನೇ ಸರಿ ಇಲ್ಲ ಮೇಡಂ. ಹಳೇದು" ಅಂದರು ನನ್ನ ಗಂಡ. ಪಾಪ, ಅವರಿಗೆ ಏನೂ ಗೊತ್ತಿಲ್ಲ.

ಆಗ ನಾನು ಬಾಯಿ ಬಿಡಬೇಕಿತ್ತು. ನಾನು ತಲೆಯಾಡಿಸಿದೆ. ಹೌದು, ಮೆಷಿನ್ ಸರಿಯಿಲ್ಲ ಅಂತ.

ಹತ್ತು ದಿನ ಅಲ್ಲೇ ಇಟ್ಟುಕೊಂಡು, ಇನ್ನು ಕಾಯುವಂತಿಲ್ಲ ಅಂತ ಆಪರೇಷನ್ ಮಾಡಿದರು. ಹೆಣ್ಣು ಮಗು. ಒಂದು ಕೆಜಿ ನಾನೂರು ಗ್ರಾಮು. ಅಳಲಿಲ್ಲ, ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಮಾಡಿತು, ಎತ್ತಿಕೊಂಡು ಓಡಿದರು. ನಾನು ಎರಡನೇ ದಿನ ಗಾಲಿ ಕುರ್ಚಿಯಲ್ಲಿ ಹೋಗಿ ಗಾಜಿನಾಚೆ ನೋಡಿದೆ. ನಮ್ಮ ಕೊಟ್ಟಿಗೆಯ ಎರಡು ಕೆಜಿಯ ಬಟ್ಟಿಗಿಂತ ನನ್ನ ಮಗಳು ಹಗುರ ಇದ್ದಳು. ನಾನು ಕಟ್ಟಿಕೊಂಡು ಓಡಾಡಿದ ಕಬ್ಬಿಣದಲ್ಲಿ ಇಂಥ ಮಕ್ಕಳು ಹತ್ತಿರಹತ್ತಿರ ಮೂರಾಗುತ್ತಿದ್ದರು ಅಂತ ಲೆಕ್ಕ ಬಂದು, ಅಲ್ಲೇ ಕುರ್ಚಿಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಹೊಲಿಗೆ ಕಿತ್ತುಹೋದೀತು ಅಂತ ಆಯಾ ಬೈದಳು.

ಇಪ್ಪತ್ತೆಂಟು ದಿನ ಆ ಮಕ್ಕಳ ವಾರ್ಡಿನ ಹೊರಗೆ ತಾಯಂದಿರ ಕೋಣೆಯಲ್ಲಿ ಇದ್ದೆ. ಬೆಳಿಗ್ಗೆ ಮಕ್ಕಳ ತೂಕ ನೋಡಿ ನರ್ಸು ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೇ ಹೇಳುತ್ತಿದ್ದರು. ಹತ್ತು ಗ್ರಾಮು ಏರಿದೆ. ಇಪ್ಪತ್ತು ಗ್ರಾಮು ಇಳಿದಿದೆ. ಇಳಿದ ದಿನ ತಿಂಡಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ತಿನ್ನದಿದ್ದರೆ ಹಾಲು ಬರುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ರತ್ನ ಅಂತ ಶೆಟ್ಟಿಹಳ್ಳಿಯವಳು ಇದ್ದಳು. ನೀರಲ್ಲಿ ನಿಂತ ಆ ಹಳೇ ಚರ್ಚು ನೋಡಲು ಜನ ಬರುತ್ತಾರಲ್ಲ, ಆ ಊರು. ಅವಳ ಮಗ ನನ್ನ ಮಗಳಿಗಿಂತ ದಪ್ಪ ಇದ್ದ, ಎರಡು ಕೆಜಿಯ ಹತ್ತಿರ. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವಳು ದಿನಾ ಮನೆಯಿಂದ ತಂದ ರಾಗಿ ಹುರಿಹಿಟ್ಟು ಹಾಲಲ್ಲಿ ಕಲಸಿ ತಿನ್ನುತ್ತಿದ್ದಳು, ನನಗೂ ಒಂದು ಉಂಡೆ ಕೊಡುತ್ತಿದ್ದಳು.

ಒಂಬತ್ತನೇ ದಿನ ನರ್ಸು ಬಾಗಿಲಿಗೆ ಬಂದು ತೂಕ ಹೇಳಲಿಲ್ಲ. ರತ್ನಳನ್ನು ಒಳಗೆ ಕರೆದರು.

ಅವಳು ಮಧ್ಯಾಹ್ನ ಬಟ್ಟೆ ಗಂಟು ಕಟ್ಟುವಾಗ ಹುರಿಹಿಟ್ಟಿನ ಡಬ್ಬವನ್ನು ನನ್ನ ಮಂಚದ ಮೇಲಿಟ್ಟಳು. "ಅರ್ಧ ಐತೆ. ತಿನ್ನು. ನಿನ್ ಕೂಸಿಗಾದ್ರೂ ಆಗ್ಲಿ" ಅಂದಳು. ಅಷ್ಟೇ. ಅವಳ ಗಂಡ ಮುಂದೆ ಮುಂದೆ ನಡೆದ, ಇವಳು ಬರಿಮಡಿಲಲ್ಲಿ ಹಿಂದೆ. ಆವತ್ತಿನಿಂದ ನಾನು ಅಳುತ್ತಲೇ ತಿಂದೆ, ಆದರೆ ತಿಂದೆ. ವಾಕರಿಕೆ ಬಂದರೂ ನುಂಗಿದೆ. ಆ ಡಬ್ಬ ಈಗಲೂ ನನ್ನ ಅಡುಗೆಮನೆಯಲ್ಲಿದೆ.

ಮಂಜುಳಕ್ಕ ಬಂದದ್ದು ಹದಿನೈದನೇ ದಿನವೋ ಏನೋ. ಕೈಯಲ್ಲಿ ಬುತ್ತಿ, ಮುಖ ಬಾಡಿತ್ತು. ತಪ್ಪು ತೂಕ ಬರೆಸಿದ್ದಕ್ಕೆ ಮೇಲಿನವರು ಅವಳನ್ನು ಮೀಟಿಂಗಿನಲ್ಲಿ ಎಲ್ಲರೆದುರು ನಿಲ್ಲಿಸಿ ಬೈದಿದ್ದರಂತೆ. ಮೆಷಿನ್ನನ್ನೂ ಬದಲಾಯಿಸಿದ್ದರಂತೆ.

"ನನ್ನಿಂದ ತಪ್ಪಾಗೋಯ್ತು ಕಣವ್ವಾ" ಅಂದಳು ನನ್ನ ಕೈ ಹಿಡಿದು. "ಆ ಹಾಳು ಮೆಷಿನ್ನ ಒಂದ್ಸಲ ಪರೀಕ್ಷೆ ಮಾಡ್ಬೇಕಿತ್ತು. ನೀನು ಎಂಟ್ ತಿಂಗ್ಳೂ ಕರೆದಾಗ ಬಂದೋಳು. ನಾನೇ ಮೋಸ ಮಾಡ್ದಂಗಾಯ್ತು."

ಹೇಳಬೇಕು ಅಂತ ಬಾಯಿ ತೆರೆದೆ. ಬಾಗಿಲಲ್ಲಿ ನಮ್ಮತ್ತೆ ನಿಂತಿದ್ದರು. "ಬುಡಕ್ಕ" ಅಂದೆ. ಅವಳು ತಂದ ಅನ್ನ ಸಾರನ್ನು ಉಂಡು, ಪಾತ್ರೆ ತೊಳೆದು ಕೊಟ್ಟೆ. ಇಂಥವಳು ನಾನು.

ಮಗುವನ್ನು ಎದೆಗೆ ಬರಿಮೈಗೆ ತಾಗಿಸಿ ಬಟ್ಟೆಯಲ್ಲಿ ಕಟ್ಟಿಕೊಳ್ಳಲು ನರ್ಸು ಕಲಿಸಿದರು. ಗಂಟು ಹಾಕುವುದನ್ನು ತೋರಿಸಲು ಬಂದಾಗ "ಗೊತ್ತು ಸಿಸ್ಟರ್" ಅಂದೆ. ಹೊರಗೆ ಕಾಣದ ಹಾಗೆ ಬಿಗಿಯಾಗಿ ಕಟ್ಟುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಬಾಣಂತನಕ್ಕೆ ಹಿರೀಸಾವೆಗೆ ಹೋದೆ. ದಿನಾ ನೂರು ಜನಕ್ಕೆ ಊಟ ಹಾಕುವ ನಮ್ಮವ್ವ ನನಗೆ ಮಾತ್ರ ಒಣ ಅನ್ನ, ಮೆಣಸಿನ ಸಾರು ಒಂದು ಸೌಟು, ನೀರು ಒಂದೇ ಲೋಟ ಕೊಟ್ಟಳು. "ನೀರು ಕುಡುದ್ರೆ ಹೊಟ್ಟೆ ಮುಂದಕ್ಕೆ ಬತ್ತದೆ, ತರ್ಕಾರಿ ತಿಂದ್ರೆ ಕೂಸಿಗೆ ಶೀತ. ನಮ್ಮಮ್ಮ ಮಾಡಿದ್ದು ಇದೇಯಾ." ಎರಡು ವಾರಕ್ಕೆ ಹಾಲು ಬತ್ತತೊಡಗಿತು. ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ ತೂಕ ನೋಡಿದರೆ ನಾನು ನಲವತ್ತು, ಮಗು ಏರಿಯೇ ಇಲ್ಲ. ಅಲ್ಲಿನ ಡಾಕ್ಟರು ನಮ್ಮವ್ವನನ್ನು ಕೂರಿಸಿ ಕೇಳಿದರು, "ನಿಮ್ಮ ಹೋಟ್ಲಿಗೆ ಬಂದೋರಿಗೆ ಹಿಂಗೇ ಬಡಿಸ್ತೀರಾ?"

ಅವ್ವ ಮನೆಗೆ ಬಂದವಳೇ ಹೋಟೆಲಿನ ಸಾಂಬಾರು, ಸೊಪ್ಪಿನ ಪಲ್ಯ, ಮೊಟ್ಟೆ, ಒಂದು ತಂಬಿಗೆ ನೀರು ತಂದು ಮುಂದಿಟ್ಟಳು. "ಶಾಸ್ತ್ರದ ಮನೆ ಹಾಳಾಗ್ಲಿ, ತಿನ್ನಮ್ಮಿ. ನಿನ್ ಕೈ ನೋಡಿದ್ ದಿವ್ಸವೇ ನಾನು ಎಳ್ಕಂಡ್ ಬರ್ಬೇಕಿತ್ತು" ಅಂತ ಅತ್ತಳು. ತಪ್ಪನ್ನು ಎಲ್ಲರೂ ತಮ್ಮ ತಮ್ಮ ತಲೆಗೆ ಹಾಕಿಕೊಳ್ಳುತ್ತಿದ್ದರು. ನಾನೊಬ್ಬಳೇ ಸುಮ್ಮನೆ ಕೂತಿದ್ದೆ.

ಈಗ ಮಗಳಿಗೆ ಮೂರು ವರ್ಷ. ಹೆಸರು ಚಿನ್ಮಯಿ. ಮಾತು ನನ್ನಷ್ಟೇ ಜೋರು, ಆದರೆ ನಡೆದದ್ದು ತಡ, ಮೈ ಹತ್ತಲೇ ಇಲ್ಲ. ಗಾಳಿ ಬೀಸಿದರೆ ಕೆಮ್ಮು. ಅವಳ ಓರಗೆಯ ಮಕ್ಕಳ ಪಕ್ಕ ನಿಂತರೆ ಭುಜದ ಕೆಳಗೆ ಬರುತ್ತಾಳೆ. ನಾನು ಮತ್ತೆ ಮೂರು ತಿಂಗಳ ಬಸುರಿ. ಈ ಸಲ ಹಸಿ ಸೊಪ್ಪು ಮುಟ್ಟುವುದಿಲ್ಲ ಅಂತ ಹೇಳಿಬಿಟ್ಟಿದ್ದೇನೆ. ಅತ್ತೆ ಗೊಣಗಿದರು, ಗಂಡ ಆಳು ಗೊತ್ತು ಮಾಡಿದರು.

ಹೋದ ವಾರ ಅಂಗನವಾಡಿಯಲ್ಲಿ ಮಕ್ಕಳ ತೂಕ. ಬಸುರಿಯರದ್ದೂ ಆವತ್ತೇ. ನಾನು ತಲೆ ಬಾಚಿಕೊಂಡು ಹೊರಗೆ ಬರುವಷ್ಟರಲ್ಲಿ ಅತ್ತೆ ಮಗಳನ್ನು ತಯಾರು ಮಾಡಿದ್ದರು. ಬಿಸಿಲಲ್ಲಿ ಸ್ವೆಟರು. ಕಾಲಿಗೆ ಬೆಳ್ಳಿಯ ದಪ್ಪ ಕಡಗ, ಸೊಂಟಕ್ಕೆ ಉಡಿದಾರ. ಜೇಬು ಜೋತುಬಿದ್ದಿತ್ತು. ಕೈ ಹಾಕಿದರೆ ಮನೆಯ ಬೀಗ, ಬೀಗದ ಕೈ ಗೊಂಚಲು.

"ಏನತ್ತೆ ಇದು?"

"ಬುಡೇ, ಒಂದ್ ಅರ್ಧ ಕೆಜಿ ಜಾಸ್ತಿ ಬಂದ್ರೆ ಯಾರ್ ಗಂಟೇನ್ ಓಗ್ತದೆ? ಹೋದ್ ಸಲ ಎಲ್ರೂ ಅಯ್ಯೋ ಅಂದ್ರಲ್ಲ, ನಂಗೆ ಕರುಳು ಕಿತ್ಕಬಂತು. ಕೂಸ್ನ ಉಪವಾಸ ಕೆಡ್ವಿದ್ದೀವಾ ನಾವು?"

ನನಗೆ ಸಿಟ್ಟು ಬರಲಿಲ್ಲ. ಹೆದರಿಕೆ ಬಂತು. ಅವರು ನನ್ನನ್ನು ನೋಡಿ ಕಲಿತದ್ದಲ್ಲ, ನನ್ನ ವಿಷಯ ಅವರಿಗೆ ಗೊತ್ತೇ ಇಲ್ಲ. ನಾವಿಬ್ಬರೂ ಒಂದೇ ಮರ್ಯಾದೆಗೆ ಹೆದರಿದವರು.

ಅಂಗನವಾಡಿಯ ಜಗಲಿಯಲ್ಲಿ ನಾನು ಮಗಳ ಸ್ವೆಟರು ತೆಗೆದೆ. ಕಡಗ ಬಿಚ್ಚಿದೆ, ಉಡಿದಾರ ಬಿಚ್ಚಿದೆ, ಬೀಗ ತೆಗೆದು ಅತ್ತೆಯ ಕೈಗೆ ಕೊಟ್ಟೆ. ಬರೀ ಚಡ್ಡಿಯಲ್ಲಿ ಅವಳನ್ನು ಮೆಷಿನ್ನಿನ ಮೇಲೆ ನಿಲ್ಲಿಸಿದೆ. ಹತ್ತು ಕೆಜಿ ನೂರು ಗ್ರಾಮು. ಹೆಂಗಸರು ಅಯ್ಯೋ ಅಂದರು. ಅತ್ತೆ ಮುಖ ಆ ಕಡೆ ತಿರುಗಿಸಿದರು.

"ಮಂಜುಳಕ್ಕ" ಅಂದೆ. ಎಲ್ಲರಿಗೂ ಕೇಳುವ ಹಾಗೇ ಹೇಳಿದೆ. "ಆವತ್ತು ನಿನ್ನ ಮೆಷಿನ್ ಸರಿಯಾಗೇ ಇತ್ತು. ನಾನು ಸೀರೆಯೊಳಗೆ ಬಟ್ಟು ಕಟ್ಟಿಕೊಂಡು ಬಂದಿದ್ದೆ. ಮೂರು ತಿಂಗಳೂ. ನಾಲ್ಕು ಕೆಜಿವರೆಗೂ ಕಟ್ಟಿದ್ದೆ. ತಪ್ಪು ನಿನ್ನ ಮೇಲೆ ಬಂದಾಗ ಬಾಯಿ ಮುಚ್ಕೊಂಡಿದ್ದೆ. ನೀನು ತಂದ ಅನ್ನವನ್ನೂ ಉಂಡೆ."

ಅತ್ತೆ ಅಲ್ಲೇ ಕಂಬಕ್ಕೊರಗಿ ಕೂತುಬಿಟ್ಟರು, ಕೈಯಲ್ಲಿ ಆ ಕಡಗ, ಉಡಿದಾರ, ಬೀಗ. ಮಂಜುಳಕ್ಕ ಪೆನ್ನು ಕೆಳಗಿಟ್ಟಳು. ಬೈಯಲಿ, ಹೊಡೆಯಲಿ ಅಂತ ನಾನು ಕಾದೆ. ಅವಳು ಕಣ್ಣು ಒರೆಸಿಕೊಂಡು ಮಗಳ ತೂಕ ಬರೆದಳು. ಪೆನ್ನು ಎರಡು ಸಲ ನಿಂತಿತು. ಆಮೇಲೆ ನನ್ನ ಹೊಸ ತಾಯಿ ಕಾರ್ಡು ತೆಗೆದಳು.

"ಚಪ್ಲಿ ಬಿಡು. ಹತ್ತು" ಅಂದಳು.

ಚಪ್ಪಲಿ ಬಿಟ್ಟೆ. ಹತ್ತುವ ಮೊದಲು ಅವಳು ಎದ್ದು ಹತ್ತಿರ ಬಂದು, ಎರಡೂ ಕೈಯಿಂದ ನನ್ನ ಸೊಂಟವನ್ನು ಸುತ್ತ ತಡವಿ ನೋಡಿದಳು. ಎಲ್ಲರೆದುರಿಗೆ, ಬೇಲು ನೋಡುವವರ ಹಾಗೆ, ನಿಧಾನವಾಗಿ. ನಾನು ಸೆರಗು ಎತ್ತಿ ಹಿಡಿದು ನಿಂತೆ. ಅವಳ ಕೈ ನನ್ನ ಹೊಟ್ಟೆಯ ಮೇಲೆ ಬಂದು ಒಂದು ಗಳಿಗೆ ಅಲ್ಲೇ ಇತ್ತು.

"ನಲವತ್ತೊಂದೂವರೆ" ಅಂತ ಕೂಗಿದಳು.

"ಬರ್ಕೊ ಅಕ್ಕ" ಅಂದೆ.